ಹತ್ತು ನಿಮಿಷಕ್ಕೊಂದು ಫೋಟೋ

ಒಂದು ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ಅಂಥ ಜಾಣರೇನಲ್ಲ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು, ಮಕ್ಕಳೂ ಒಪ್ಪಿದ್ದರು.

ಹೊಸ ಶಿಕ್ಷಣಾಧಿಕಾರಿ ಗುರುಶಾಂತಪ್ಪನವರು ಆದೇಶ ಹೊರಡಿಸಿದರು: ಪಾಠ ನಡೆಯುತ್ತಿದೆ ಎಂಬುದಕ್ಕೆ ಹತ್ತು ನಿಮಿಷಕ್ಕೊಂದು ಫೋಟೋ ವಾಟ್ಸಾಪ್ ಗ್ರೂಪಿಗೆ ಬರಬೇಕು, ತಪ್ಪಿದರೆ ನೋಟಿಸ್. ಅಂದರೆ ನಲವತ್ತು ನಿಮಿಷದ ಪಿರಿಯಡ್ಡಿಗೆ ನಾಲ್ಕು ಫೋಟೋ. ಮೇಷ್ಟ್ರ ಕೈ ನಡುಗುತ್ತಿತ್ತು, ಹಾಗಾಗಿ ಒಂದು ಫೋಟೋ ಸರಿಬರಲು ಎಂಟು ನಿಮಿಷ. ಉಳಿದ ಎರಡು ನಿಮಿಷ ಪಾಠ. ಪರೀಕ್ಷೆ ಹತ್ತಿರ ಬಂದರೂ ಏಳನೇ ತರಗತಿ ಭಿನ್ನರಾಶಿಯ ಮೊದಲ ಪುಟ ದಾಟಲಿಲ್ಲ.

ಒಂದು ದಿನ ಮೇಷ್ಟ್ರು ಅಧಿಕಾರಿಗೇ ವಿಡಿಯೋ ಕಾಲ್ ಮಾಡಿ, ಫೋನನ್ನು ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿಗೆ ಒರಗಿಸಿದರು.

"ಸರ್, ಫೋಟೋದಲ್ಲಿ ಏನು ಗೊತ್ತಾಗುತ್ತೆ? ಪೂರ್ತಿ ಪಾಠ ನೀವೇ ನೋಡಿಬಿಡಿ."

"ಭೇಷ್," ಎಂದು ಅಧಿಕಾರಿ ಹಿಗ್ಗಿದರು.

ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. "ಸಾಹೇಬರು ಬಂದಿದ್ದಾರೆ. ಡೌಟ್ ಇದ್ದರೆ ಕೇಳ್ರಪ್ಪಾ."

ಹುಲಿಗೆಮ್ಮ ಎಂಬ ಹುಡುಗಿ ಎದ್ದಳು. "ಸರ್, ಭಿನ್ನರಾಶಿ ಭಾಗಿಸುವಾಗ ಎರಡನೆಯದನ್ನ ತಲೆಕೆಳಗು ಮಾಡಿ ಗುಣಿಸ್ತೀವಲ್ಲ, ಯಾಕೆ?"

ಅಧಿಕಾರಿ ಕೆಮ್ಮಿದರು. ಕನ್ನಡಕ ಒರೆಸಿದರು. "ಅದನ್ನ ನಿಮ್ಮ ಮೇಷ್ಟ್ರೇ ಹೇಳ್ತಾರೆ."

"ನನಗೂ ಗೊತ್ತಿಲ್ಲ ಸರ್," ಎಂದರು ಮೇಷ್ಟ್ರು. "ಚೆನ್ನಾಗಿ ವಿವರಿಸುವ ವಿಡಿಯೋ ಯೂಟ್ಯೂಬಿನಲ್ಲಿ ಇದೆಯಂತೆ. ಮಕ್ಕಳ ಜೊತೆ ಕೂತು ನಾನೂ ಕಲಿಯೋಣ ಅಂದರೆ, ಫೋನು ಹದಿನೈದು ದಿನದಿಂದ ನಿಮ್ಮ ಸೇವೆಯಲ್ಲೇ ಇದೆ."

ಕಾಲ್ ಕಟ್ಟಾಯಿತು. ಸಂಜೆ ಗ್ರೂಪಿನಲ್ಲಿ ಹೊಸ ಆದೇಶ ಬಂತು: ಇನ್ನು ಫೋಟೋ ಬೇಡ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ನಂಬರಿಗೆ ಮಾತ್ರ ಇನ್ನೊಂದು ಸಾಲು ಬಂತು: "ಆ ವಿಡಿಯೋ ನನಗೂ ಕಳಿಸಿ."