ಅಕ್ಕಿ ಮೂಟೆಯ ಮೇಲಿನ ಬೆಕ್ಕು

ಗುರುಪಾದಪ್ಪನ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆಯ ಮೇಲೆ ಮಲಗಿ, ಇಲಿ ಮುಟ್ಟದಂತೆ ಕಾಯುವುದು ಚುಕ್ಕಿ ಎಂಬ ಬೆಕ್ಕಿನ ಕೆಲಸ. ಒಂದು ಬೆಳಿಗ್ಗೆ ಸುಲೋಚನಮ್ಮನವರು ತಮ್ಮ ಸಾಕುನಾಯಿಯನ್ನೂ ಕರೆದುಕೊಂಡು ಒಳಗೆ ಬಂದರು. ಚುಕ್ಕಿ ಮೂಟೆಯ ಮೇಲೆ ಎದ್ದು ನಿಂತಿತು. ಇವತ್ತು ಒಳಗೆ ಬಂದ ನಾಯಿ ನಾಳೆ ಮೂಟೆಯ ಮೇಲೇ ಬಂದು ಕೂತರೆ ತನ್ನ ಗತಿಯೇನು?

“ಇದು ತಿನ್ನುವ ಪದಾರ್ಥ ಇಡುವ ಜಾಗ. ಇಲ್ಲಿಗೆ ಪ್ರಾಣಿಗಳು ಬರಕೂಡದು, ಹೊರಗೆ ನಡೆ!” ಎಂದು ನಾಯಿಯನ್ನು ಗದರಿತು.

“ಅಮ್ಮನವರು ಸಕ್ಕರೆ ಕೊಂಡ ಕೂಡಲೇ ಹೋಗುತ್ತೇನೆ. ನಿಮಗೇನು ತೊಂದರೆ?” ಎಂದು ನಾಯಿ ಬಾಲ ಅಲ್ಲಾಡಿಸಿತು.

ಚುಕ್ಕಿಗೆ ತಡೆಯಲಾಗಲಿಲ್ಲ. ಬುಸುಗುಟ್ಟುತ್ತ ಹಾರಿದ ರಭಸಕ್ಕೆ ತೊಗರಿಬೇಳೆಯ ಡಬ್ಬ ಉರುಳಿ, ಬೇಳೆ ಅಂಗಡಿ ತುಂಬ ಚೆಲ್ಲಿತು. ನಾಯಿಯೂ ಬೊಗಳತೊಡಗಿತು.

ಗುರುಪಾದಪ್ಪ ತಲೆ ಚಚ್ಚಿಕೊಂಡು, “ಇನ್ನು ನಾಲ್ಕು ಕಾಲಿನದು ಯಾವುದೂ ಈ ಹೊಸ್ತಿಲು ದಾಟಕೂಡದು!” ಎಂದು ಕೂಗಿದ.

ನಾಯಿ ಹೊರಗೆ ಹೋಯಿತು. ಚುಕ್ಕಿ ಅಬ್ಬಾ ಎಂದುಕೊಂಡು ಮೂಟೆ ಹತ್ತಿತು. ಮರುಗಳಿಗೆಯೇ ಗುರುಪಾದಪ್ಪ ಅದರ ಕತ್ತು ಹಿಡಿದೆತ್ತಿ ಬೀದಿಗೆ ಬಿಟ್ಟು ಬಾಗಿಲು ಮುಂದೆ ಮಾಡಿದ.

“ಸ್ವಾಮಿ, ನಾನು ಅಂಗಡಿಯವಳು!” ಎಂದು ಚುಕ್ಕಿ ಬಾಗಿಲು ಕೆರೆಯಿತು. ಗುರುಪಾದಪ್ಪನಿಗೆ ಕೇಳಿಸಿದ್ದು ಬರೀ ಮಿಯಾಂವ್.

ಅಷ್ಟರಲ್ಲಿ ಮೂಟೆಯ ಕಡೆಯಿಂದ ಕರಕರ ಸದ್ದು ಬಂತು. ಬಾಗಿಲ ಸಂದಿಯಲ್ಲಿ ಇಲಿಯೊಂದು ಮೂತಿ ತೋರಿಸಿತು.

“ಚಿಂತೆ ಬೇಡ ಅಕ್ಕಾ, ಮೂಟೆ ನಾನು ನೋಡಿಕೊಳ್ಳುತ್ತೇನೆ.”

“ನಿನಗೂ ನಾಲ್ಕು ಕಾಲಿಲ್ಲವೇನೋ?”

“ಇವೆ. ಆದರೆ ನಾನು ಯಾವತ್ತೂ ಹೊಸ್ತಿಲು ದಾಟಿ ಬಂದವನೇ ಅಲ್ಲವಲ್ಲ!” ಎಂದಿತು ಇಲಿ, ಅಕ್ಕಿ ಜಗಿಯುತ್ತ.