ಹಾರದ ಹಿಟ್ಟು

“ಗುರುಗಳೇ, ಹಾಡುಗಾರರಿಗೆ ವಯಸ್ಸಾದರೂ ಹಾಡು ಹಾಗೇ ಉಳಿಯುತ್ತದೆ. ಮಾತು ಮಾತ್ರ ಯಾಕೆ ಹುಟ್ಟೂರಿಗೆ ಓಡಿಹೋಗುತ್ತದೆ?”

ಕೇಳಿದವನು ಮಹದೇವ. ಅವನು ಪಾಠಶಾಲೆಗೆ ಬಂದು ಏಳು ವರ್ಷವಾಗಿತ್ತು. ಬಂದಾಗ ಹಾಲಿಗೆ ಆಲು ಎನ್ನುತ್ತಿದ್ದ. ಈಗ ಕಾವ್ಯ ಓದಲು ಕೂತರೆ ಅವನ ಬಾಯಲ್ಲಿ ಒಂದು ಅಕ್ಷರವೂ ಜಾರುತ್ತಿರಲಿಲ್ಲ.

ಗುರುಗಳು ಮಡಿಲಲ್ಲಿ ಒಂದು ಬಟ್ಟೆಯ ಗಂಟು ಬಿಚ್ಚಿಟ್ಟುಕೊಂಡು ಹುರಿಗಾಳು ತಿನ್ನುತ್ತಿದ್ದರು. “ಇದ್ದಕ್ಕಿದ್ದ ಹಾಗೆ ಈ ಪ್ರಶ್ನೆ ಯಾಕಪ್ಪ?” ಎಂದರು.

“ಮೊನ್ನೆ ಇಲ್ಲಿ ಹಾಡಿದರಲ್ಲ, ಆ ದೊಡ್ಡ ಗಾಯಕಿ. ಹಾಡು ಕೇಳಿ ಕಣ್ಣಲ್ಲಿ ನೀರು ಬಂತು. ಆಮೇಲೆ ಊಟಕ್ಕೆ ಕೂತು ಮಾತಾಡಿದರು. ದನಿ ಒರಟು, ಮಾತು ಅಪ್ಪಟ ಹಳ್ಳಿಯದು. ನಮಗೆ ನಗು ತಡೆಯಲಾಗಲಿಲ್ಲ. ನಾಳೆ ನನ್ನ ಬಾಯಿಯೂ ಹೀಗೆ ತಿರುಗಿಬಿದ್ದರೆ ಏನು ಗತಿ, ಗುರುಗಳೇ?”

ಗುರುಗಳು ಒಂದು ಹಿಡಿ ಕಾಳು ತೆಗೆದು ಅವನ ಮುಂದೆ ಚಾಚಿದರು. ಮಹದೇವ ಕೈ ಒಡ್ಡಲಿಲ್ಲ.

“ಇದನ್ನು ತಂದವರು ಯಾರು?”

“ನಮ್ಮೂರಿನ ಯಾರೋ ಒಬ್ಬ ಹೆಂಗಸು. ಬೆಳಿಗ್ಗೆ ಬಾಗಿಲಲ್ಲಿ ನಿಂತು ‘ಮಾದೇವ ಅವ್ನಾ’ ಎಂದು ಕೂಗುತ್ತಿದ್ದಳು. ಎಲ್ಲರೂ ನಕ್ಕರು. ಆಗಲೇ ಕಳಿಸಿಬಿಟ್ಟೆ.”

“ಹಾಗೋ! ಕಾಳನ್ನು ಹದವಾಗಿ ಹುರಿದಿದ್ದಾಳೆ. ಕೂತುಕೋ,” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬಳು ಹಾಡುಗಾರ್ತಿ ಇದ್ದಳು. ಹುಟ್ಟಿದ್ದು ಒಂದು ಕೆರೆಯ ಹಿಂದಿನ ಊರಲ್ಲಿ. ಕೆರೆಯ ಜೊಂಡು ಕುಯ್ದು ಚಾಪೆ ಹೆಣೆಯುವುದು ಆ ಊರವರ ಕಸುಬು. ಅಲ್ಲಿ ಎಲ್ಲವೂ ಇತ್ತು, ಹಕಾರ ಒಂದು ಇರಲಿಲ್ಲ. ಹಸು ಅವರಿಗೆ ಅಸು, ಹೂವು ಊವು. ಹಾಡು ಅನ್ನುವುದಕ್ಕೂ ಆಡು ಅನ್ನುವುದಕ್ಕೂ ಅವರಲ್ಲಿ ಒಂದೇ ಮಾತು. ಇವಳಿಗೆ ಹೂವಮ್ಮ ಎಂದು ಹೆಸರಿಟ್ಟಿದ್ದರು. ಹಾಗೆ ಕರೆಯಲು ಬರುವವರು ಊರಲ್ಲಿ ಒಬ್ಬರೂ ಇರಲಿಲ್ಲ ಬಿಡು. ತಮ್ಮನಿಗೆ ಅವಳು ಊವಕ್ಕ.

ಎಂಟನೆಯ ವಯಸ್ಸಿನಲ್ಲಿ ಅವಳ ಕಂಠ ಕೇಳಿದ ಒಬ್ಬ ವಿದ್ವಾಂಸ ಅವಳನ್ನು ರಾಜಧಾನಿಗೆ ಕರೆದುಕೊಂಡು ಹೋದ. ಆತ ಮೊದಲು ಕಲಿಸಿದ್ದು ಸರಿಗಮ ಅಲ್ಲ. ಅವಳ ಅಂಗೈ ಮೇಲೆ ಒಂದು ಚಿಟಿಕೆ ರಾಗಿ ಹಿಟ್ಟು ಇಟ್ಟ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿಸಿ, ಹಾಡು ಅನ್ನು ಎಂದ. ಆಡು ಎಂದಳು. ಹಿಟ್ಟು ಇದ್ದಲ್ಲೇ ಇತ್ತು. ಹಕಾರಕ್ಕೆ ಉಸಿರು ಬೇಕು, ಉಸಿರು ಬಂದರೆ ಹಿಟ್ಟು ಹಾರಬೇಕು. ಹಾರದ ದಿನ ಊಟವಿಲ್ಲ. ಆ ಕೂಸು ಎಷ್ಟು ದಿನ ಹಸಿದು ಮಲಗಿತೋ ದೇವರಿಗೇ ಗೊತ್ತು. ಒಂದು ವರ್ಷದ ಹೊತ್ತಿಗೆ ಹಿಟ್ಟು ಹಾರಿತು. ಸರಿಗಮ ಶುರುವಾದದ್ದು ಆಮೇಲೆ.

ಅವಳು ದೊಡ್ಡವಳಾದಳು, ಆಸ್ಥಾನ ಸೇರಿದಳು. ಹೂವಮ್ಮಣ್ಣಿ ಎಂದರೆ ಸೀಮೆಗೆ ಸೀಮೆಯೇ ಕೈಮುಗಿಯುತ್ತಿತ್ತು. ಅವಳು ಪಂಡಿತರ ಮನೆತನದವಳು ಎಂದು ವಿದ್ವಾಂಸ ಸುದ್ದಿ ಹಬ್ಬಿಸಿದ್ದ. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ದೊರೆ ತನ್ನ ಬಲಗಡೆಯಲ್ಲಿ ಅವಳಿಗೊಂದು ಪೀಠ ಹಾಕಿಸಿದ. ಅವಳು ಅಲ್ಲಿ ಕೂತು ಹಾಡಿದಳು.

ಅರವತ್ತು ದಾಟಿತು. ಈಗ ನಿನ್ನ ಪ್ರಶ್ನೆಗೆ ಬಂದೆ ನೋಡು. ಮುದುಕಿಗೆ ಉಸಿರು ಸಾಲದಾಯಿತು. ಇದ್ದ ಉಸಿರನ್ನೆಲ್ಲ ಹಾಡಿಗೆ ಎತ್ತಿಟ್ಟಳು. ಮಾತಿಗೆ ಏನೂ ಉಳಿಯಲಿಲ್ಲ. ಮೊದಲು ಹಕಾರ ಹೋಯಿತು. ಆಮೇಲೆ ದನಿ ಇಳಿದು ಗೊಗ್ಗರಾಯಿತು. ಒಂದು ದಿನ ಸೇವಕಿಯನ್ನು ಕೂಗಿದಾಗ ತನ್ನ ಬಾಯಿಂದ ತನ್ನ ಅವ್ವನ ದನಿ ಬಂದದ್ದು ಕೇಳಿ ಬೆಚ್ಚಿಬಿದ್ದಳು. ಐವತ್ತು ವರ್ಷ ಕೇಳದ ದನಿ. ಕೇಳಿ ಸಂತೋಷಪಡಬೇಕಾಗಿತ್ತು, ಪಾಪ, ಹೆದರಿದಳು. ಚಾಪೆಯವಳು ಎಂದು ಗೊತ್ತಾದರೆ ಪೀಠ ಉಳಿಯುತ್ತದೆಯೇ? ಅಂದಿನಿಂದ ಮಾತನ್ನೇ ಬಿಟ್ಟಳು. ಹಾಡುವಳು, ಕೈಸನ್ನೆ ಮಾಡುವಳು, ಅಷ್ಟೇ. ಜನ ಅದನ್ನು ಮೌನವ್ರತ ಎಂದು ಹೊಗಳಿದರು. ಜನಕ್ಕೇನು!

ಹೀಗಿರುವಾಗ ಊರಿಂದ ತಮ್ಮ ಬಂದ. ಅವ್ವ ತೀರಿಕೊಂಡಿದ್ದಳು. ಸಾಯುವ ಮೊದಲು ಮಗಳಿಗೆಂದು ಒಂದು ಚಾಪೆ ಹೆಣೆದಿಟ್ಟಿದ್ದಳು. ಅದನ್ನು ಅಕ್ಕನ ಕೈಗೆ ಕೊಟ್ಟು ಹೋಗಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ. ಮನೆಯ ಬಾಗಿಲಲ್ಲಿ ಕಾವಲಿನವರು ತಡೆದರು.

“ಊವಕ್ಕನ ತಮ್ಮ ಬಂದವ್ನೆ ಅಂತ ಏಳಿ,” ಎಂದ.

“ನಿಂತೇ ಇದ್ದೇವಲ್ಲಯ್ಯಾ, ಇನ್ನೆಲ್ಲಿ ಏಳೋದು?” ಎಂದು ಕಾವಲಿನವರು ಬಿದ್ದು ಬಿದ್ದು ನಕ್ಕರು.

ಮೇಲಿನ ಕಿಟಕಿಯಲ್ಲಿ ಹಾಡುಗಾರ್ತಿ ನಿಂತಿದ್ದಳು. ಊವಕ್ಕ ಎಂಬ ಮಾತು ಕಿವಿಗೆ ಬಿದ್ದಾಗಲೇ ಅವಳಿಗೆ ಗೊತ್ತಾಗಿತ್ತು. ಕಾವಲಿನವನು ತಲೆಯೆತ್ತಿ ಅವಳ ಮುಖ ನೋಡಿದ. ಅವಳು ಅಲ್ಲ ಎಂದು ಕೈ ಆಡಿಸಿದಳು. ಕಿಟಕಿ ಹಾಕಿಕೊಂಡಳು.

ತಮ್ಮನಿಗೆ ಸಿಟ್ಟು ಬರಬೇಕಿತ್ತು. ನನಗಾಗಿದ್ದರೆ ಬರುತ್ತಿತ್ತು. ಅವನಿಗೆ ಬರಲಿಲ್ಲ. ಅಕ್ಕನದೇನೂ ತಪ್ಪಿಲ್ಲ, ನಾಲ್ಕು ಜನ ನಗುವ ಹಾಗೆ ಮಾತಾಡಿದ್ದು ನನ್ನ ಬಾಯಿ ಎಂದುಕೊಂಡ. ಛತ್ರದ ಜಗಲಿಯ ಮೇಲೆ ಮೂರು ದಿನ ಕೂತ. ಬಂದವರ ಬಾಯಿ ನೋಡಿ ನೋಡಿ ಹಕಾರ ಕಲಿತ. ಅರವತ್ತರ ಹತ್ತಿರದ ಮನುಷ್ಯ! ಆದರೆ ಹಕಾರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟವರು ಯಾರು? ರಾಜಧಾನಿಯ ಮಾತಿಗೆಲ್ಲ ಹಕಾರ ಇರಬೇಕು ಎಂದು ತಿಳಿದ. ಎಲೆಗೆ ಹೆಲೆ ಎಂದ, ಅನ್ನಕ್ಕೆ ಹನ್ನ ಎಂದ. ಛತ್ರದ ಅಡುಗೆಯವನು ನಕ್ಕರೆ, ಸರಿಯಾಗಿ ಬಂತೆಂದು ತಾನೂ ನಕ್ಕ.

ನಾಲ್ಕನೆಯ ದಿನ ದೊರೆಯ ಒಡ್ಡೋಲಗ. ಪ್ರಜೆಗಳು ಕಾಣಿಕೆ ತಂದು ದೊರೆಯ ಮುಂದೆ ಇಡಬಹುದು. ಅಕ್ಕನೂ ಅಲ್ಲೇ ಇರುತ್ತಾಳೆ, ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದರೆ ತನ್ನ ಬಾಯಿ ನೆಟ್ಟಗಾದದ್ದು ಅವಳಿಗೆ ಕೇಳಿಸುತ್ತದೆ ಎಂದು ಇವನ ಲೆಕ್ಕ. ತಾನು ಹೆಣೆದ ಇನ್ನೊಂದು ಚಾಪೆಯೂ ಅವನ ಹತ್ತಿರ ಇತ್ತು. ದೊರೆಗೆಂದು ಅದನ್ನು ಹೆಗಲ ಮೇಲೆ ಹೊತ್ತು ಹೋದ.

ಆ ತಿಂಗಳು ದೊರೆ ಎರಡು ಕೋಟೆ ಕಳೆದುಕೊಂಡಿದ್ದ. ಸಭೆಯಲ್ಲಿ ಕೆಮ್ಮುವುದಕ್ಕೂ ಜನ ಹೆದರುತ್ತಿದ್ದರು. ಇವನು ನಡುವೆ ಬಂದು ನಿಂತ. ಚಾಪೆ ಇಟ್ಟ. ನೂರು ಕಾಲ ಆಳು ದೊರೆಯೇ ಎನ್ನುವುದು ಅವನ ಊರಿನ ಹಿರಿಯರ ವಾಡಿಕೆ. ಅದನ್ನೇ ಹೇಳಬೇಕೆಂದು ಬಂದಿದ್ದ. ಒಂದು ಸಲ ಅಕ್ಕನ ಕಡೆ ನೋಡಿದ. ಎದೆ ತುಂಬ ಉಸಿರು ಎಳೆದುಕೊಂಡ.

“ನೂರು ಕಾಲ ಹಾಳು ದೊರೆಯೇ!”

ತಿಳಿಯಿತೇನಯ್ಯಾ? ಆಳು ಅನ್ನುವ ಕಡೆ ಹಾಳು ಅಂದ. ಎರಡು ಕೋಟೆ ಕಳೆದುಕೊಂಡ ದೊರೆಯನ್ನು ತುಂಬಿದ ಸಭೆಯಲ್ಲಿ ಹಾಳು ದೊರೆ ಎಂದು ಕರೆದ. ದೊರೆ ಮುಂದಕ್ಕೆ ಬಾಗಿ, ಏನಂದೆ, ಇನ್ನೊಮ್ಮೆ ಅನ್ನು ಎಂದ. ದೊರೆಗೆ ಮೆಚ್ಚುಗೆಯಾಯಿತೆಂದು ತಿಳಿದು ಇವನು ಇನ್ನೂ ಗಟ್ಟಿಯಾಗಿ ಅಂದ.

“ಇವನ ನಾಲಿಗೆ ಕೀಳಿ,” ಎಂದ ದೊರೆ.

ಇಬ್ಬರು ಭಟರು ಅವನ ತೋಳು ಹಿಡಿದು ಮಂಡಿಯೂರಿಸಿದರು. ಮೂರನೆಯವನು ಇಕ್ಕಳ ಮತ್ತು ಚೂರಿ ತಂದ. ಅಷ್ಟರ ತನಕ ಅವನು ಅಕ್ಕನ ಮುಖವನ್ನೇ ನೋಡುತ್ತಿದ್ದ, ಸರಿಯಾಗಿ ಹೇಳಿದೆನೇ ಎಂದು ಕೇಳುವ ಹಾಗೆ. ಚೂರಿ ಕಂಡ ಮೇಲೆ ಏನೋ ತಪ್ಪಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಅಕ್ಕಾ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಕೂಗಿದರೆ ಅಕ್ಕನಿಗೆ ಅವಮಾನ. ಹಲ್ಲು ಕಚ್ಚಿಕೊಂಡ.

ಆ ಸಭೆಯಲ್ಲಿ ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೆ. ಬಾಯಿ ತೆರೆದರೆ ತಮ್ಮ ಉಳಿಯುತ್ತಾನೆ. ಬಾಯಿ ತೆರೆದರೆ ಹೂವಮ್ಮಣ್ಣಿ ಮುಗಿದಳು. ಬೇರೆ ಯಾರಾದರೂ ಏನಾದರೂ ಹೇಳಿಯಾರು ಎಂದು ಕಾದಳು. ಹೌದಪ್ಪ, ಕಾದಳು. ಅದನ್ನು ನಾನು ಮುಚ್ಚಿಡುವುದಿಲ್ಲ. ಮಂತ್ರಿ ನೆಲ ನೋಡುತ್ತಿದ್ದ. ಭಟ ದವಡೆ ಅದುಮಿ ಬಾಯಿ ಬಿಡಿಸಿದ. ಇಕ್ಕಳ ಒಳಗೆ ಹೋಯಿತು. ನಾಲಿಗೆ ಸಿಕ್ಕಿತು. ಚೂರಿ ಎತ್ತಿದ.

“ತಡೀರಿ!”

ಸಭೆ ತಿರುಗಿ ನೋಡಿತು. ಇಷ್ಟು ಒರಟು ದನಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಹಾಡುಗಾರ್ತಿ ಪೀಠದಿಂದ ಎದ್ದು ನಿಂತಿದ್ದಳು.

“ಅವ್ನು ನನ್ನ ತಮ್ಮ, ಸ್ವಾಮಿ. ಆಳು ಅಂತ ಅನ್ನಾಕೆ ಓದ. ನಮ್ಮೂರ್ನೋರ ಬಾಯ್ಗೆ ಅಕಾರ ಬರಾಕಿಲ್ಲ.”

“ಅಕಾರವೋ, ಹಕಾರವೋ?” ಎಂದ ಮಂತ್ರಿ.

“ಅದೇ ಸ್ವಾಮಿ, ಅಕಾರ.”

ಯಾರೂ ನಗಲಿಲ್ಲ. ದೊರೆ ನಂಬಲೂ ಇಲ್ಲ. ನಾನು ಹುಟ್ಟಿದಾಗಿನಿಂದ ನಿಮ್ಮ ಬಾಯಲ್ಲಿ ಹಕಾರ ಕೇಳಿದ್ದೇನೆ, ಇವನನ್ನು ಉಳಿಸಲು ನಾಟಕವೇ ಎಂದ. ಭಟ ಚೂರಿ ಇಳಿಸಲಿಲ್ಲ. ಆಗ ಅವಳು ಒಂದು ಚಿಟಿಕೆ ರಾಗಿ ಹಿಟ್ಟು ತರಿಸಿದಳು. ಅಂಗೈ ಮೇಲೆ ಇಟ್ಟುಕೊಂಡು ಬಾಯಿಯ ಹತ್ತಿರ ಹಿಡಿದು, ಎಂಟನೆಯ ವಯಸ್ಸಿನಲ್ಲಿ ಅಂದ ಹಾಗೆ ಮೂರು ಸಲ ಅಂದಳು. ಹಾಡು ಎಂದೇ ಅನ್ನಲು ನೋಡಿದಳು, ಮೂರು ಸಲವೂ ಆಡು ಎಂದೇ ಬಂತು. ಹಿಟ್ಟು ಕದಲಲಿಲ್ಲ. ಆಮೇಲೆ ಅದೇ ಹಿಟ್ಟನ್ನು ತಮ್ಮನ ಬಾಯಿಯ ಹತ್ತಿರ ಹಿಡಿದಳು.

ದೊರೆ ಇಳಿದು ಬಂದು, ಹತ್ತಿರ ಬಗ್ಗಿ, ಇವಳು ನಿನಗೆ ಏನಾಗಬೇಕು ಎಂದು ಕೇಳಿದ. ಇಕ್ಕಳ ತೆಗೆದರು. ತುಟಿಯಲ್ಲಿ ರಕ್ತ ಇತ್ತು. ಹೇಳಲೇ ಎಂದು ಅವನು ಅಕ್ಕನ ಮುಖ ನೋಡಿದ. ಹೇಳು ಎಂದು ಅವಳು ತಲೆಯಾಡಿಸಿದಳು. ಮೂರು ದಿನ ಕಲಿತದ್ದನ್ನೆಲ್ಲ ಒಟ್ಟುಮಾಡಿಕೊಂಡು ಅವನು ಅಂದ:

“ಹಕ್ಕ!”

ಹಿಟ್ಟು ಹಾರಿ ದೊರೆಯ ಮೀಸೆಯ ಮೇಲೆ ಕೂತಿತು. ದೊರೆ ಅದನ್ನು ಒರೆಸಿಕೊಳ್ಳಲಿಲ್ಲ. ಅಕ್ಕ ಎಂಬ ಮಾತಿಗೂ ಹಕಾರ ಅಂಟಿಸುವವನು ಆಳು ಎಂಬ ಮಾತನ್ನು ಬಿಟ್ಟಾನೆಯೇ? ದೊರೆಗೆ ಅರ್ಥವಾಯಿತು. ಬಿಡಿ ಎಂದ.

ಅವಳು ತಮ್ಮನನ್ನು ಹಿಡಿದು ಎಬ್ಬಿಸಿದಳು. ಯಾಕೋ ಇಂಗ್ ಮಾಡ್ದೆ ಎಂದು ಬೈದಳು, ಬೈಯುತ್ತಾ ಅತ್ತಳು. ಅವನು ತುಟಿ ಒರೆಸಿಕೊಂಡು, “ನಿಂಗೆ ನಾಚ್ಕೆ ಆಗ್ಬಾರ್ದು ಅಂತ ಕಲ್ತೆ ಕಣಕ್ಕ,” ಎಂದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಮಹದೇವ ನೆಲ ನೋಡುತ್ತಿದ್ದ. ತಲೆಯೆತ್ತದೆ ಕೇಳಿದ:

“ಪೀಠ ಏನಾಯಿತು, ಗುರುಗಳೇ?”

“ಎಲಾ ಇವನ! ಇಷ್ಟು ಕೇಳಿದ ಮೇಲೂ ನಿನಗೆ ಪೀಠದ್ದೇ ಚಿಂತೆಯೇ? ಪೀಠ ಹೋಯಿತು. ಅವ್ವನ ಚಾಪೆ ಹಾಸಿಕೊಂಡು ಕೂತು ಸಾಯುವ ತನಕ ಹಾಡಿದಳು. ಸಾಯುವ ತನಕ ಬಾಯಿ ತುಂಬ ಮಾತಾಡಿದಳು. ಕೇಳುವವರು ಕೇಳಿದರು, ನಗುವವರು ನಕ್ಕರು.”

ಗುರುಗಳು ಉಳಿದ ಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿದರು. ಗಂಟನ್ನು ಶಿಷ್ಯನ ಅಂಗೈ ಮೇಲೆ ಇಟ್ಟರು. ಅವನು ಏನೋ ಹೇಳಲು ಬಾಯಿ ತೆರೆದ. ಗುರುಗಳು ಬಿಡಲಿಲ್ಲ.

“ಎದ್ದೇಳು ಮಾದೇವ, ನಿನ್ನ ತಾಯಿ ಬೆಳಗಿನಿಂದ ಹೊರಗೆ ಜಗಲಿಯ ಮೇಲೆ ‘ಮಹದೇವ, ಮಹದೇವ’ ಎಂದು ಹಕಾರ ಕಲಿಯುತ್ತಾ ಕೂತಿದ್ದಾಳೆ.”