ಬಂಡೆ ಬಿಟ್ಟು ಹೋದ ಕೂಟ

ಕೆರೆದಂಡೆಯ ಬಂಡೆಯ ಮೇಲೆ ಹಕ್ಕಿಗಳು ದಿನವೂ ಸಂಜೆ ಸೇರಿ ಮಾತಾಡುತ್ತಿದ್ದವು. ಅಲ್ಲಿ ದೂರದೂರಿನ ಕಥೆ ಹೇಳುವ ರೂಢಿ ತಂದದ್ದು ಚಳಿಗಾಲಕ್ಕೆ ಮಾತ್ರ ಬರುವ ಸಿಪಿಲೆ ಹಕ್ಕಿ. ಕೂಟದ ಮೇಲ್ವಿಚಾರಣೆ ಟಿಟ್ಟಿಭ ಹಕ್ಕಿಯದು. ಒಂದು ಬೇಸಿಗೆಯಲ್ಲಿ, ಗದ್ದಲಕ್ಕೆ ಮೀನುಗಳು ಚದುರುತ್ತವೆಂದು ಬೆಳ್ಳಕ್ಕಿ ದೂರಿತು. ಟಿಟ್ಟಿಭ ಎಲ್ಲರಿಗೂ ಕೂಗಿ ಹೇಳಿ ಕೂಟವನ್ನು ನಡುಗಡ್ಡೆಗೆ ಸಾಗಿಸಿತು.

ಚಳಿಗಾಲಕ್ಕೆ ಸಿಪಿಲೆ ಬಂದಾಗ ಬಂಡೆ ಬರಿದಾಗಿತ್ತು. ಮಿಂಚುಳ್ಳಿ ಕೂರುತ್ತಿದ್ದ ಮೂಲೆ, ಗೊರವಂಕ ನಕ್ಕು ನಕ್ಕು ಜಾರಿಬಿದ್ದಿದ್ದ ಅಂಚು, ಎಲ್ಲವನ್ನೂ ನೋಡುತ್ತ ಅದು ಮೂರು ದಿನ ಕಾಯಿತು. ತಾನು ಯಾರಿಗೂ ಬೇಡವಾದೆನೆಂದು ಹೊರಟು ನಿಂತಾಗ, ಹುಳ ಹೆಕ್ಕಲು ದಂಡೆಗೆ ಬಂದ ಟಿಟ್ಟಿಭ ಅದನ್ನು ಕಂಡಿತು.

"ನಾವೀಗ ನಡುಗಡ್ಡೆಯಲ್ಲಿದ್ದೇವೆ. ಎಲ್ಲರಿಗೂ ಹೇಳಿದ್ದೆನಲ್ಲ!" ಎಂದಿತು ಟಿಟ್ಟಿಭ.

"ಇದ್ದವರಿಗೆ ಹೇಳಿದಿರಿ. ಅವರು ಹೇಗೂ ನಿಮ್ಮ ಜೊತೆಗೇ ಬರುತ್ತಿದ್ದರು. ಇಲ್ಲದವರಿಗೆ ಹೇಳುವವರು ಯಾರು?"

ಟಿಟ್ಟಿಭ ತಲೆ ತಗ್ಗಿಸಿತು. ಸಿಪಿಲೆಯನ್ನು ನಡುಗಡ್ಡೆಗೆ ಕರೆದೊಯ್ದಿತು. ಹಕ್ಕಿಗಳೆಲ್ಲ ಸಡಗರದಿಂದ ಸರಿದು ಜಾಗ ಕೊಟ್ಟವು.

"ನೀವೂ ಕುಳಿತುಕೊಳ್ಳಿ," ಎಂದು ಸಿಪಿಲೆ ಕರೆಯಿತು.

"ಇಲ್ಲ. ಚಳಿಗಾಲದಲ್ಲಿ ಕೂಟಕ್ಕೆ ಬರುವ ಬಡಗಣ ದೇಶದ ಬಾತುಗಳು ಇನ್ನೂ ಬಂದಿಲ್ಲ," ಎಂದ ಟಿಟ್ಟಿಭ ಒಂಟಿಯಾಗಿ ಹಳೆಯ ಬಂಡೆಯ ಕಡೆಗೆ ಹಾರಿತು.